ಚಳಿಮನೆಯ ಬಳೆಗಳು

ನಮ್ಮೂರಿನ ಚಳಿಬಾವಿಯಲ್ಲಿ ನೀರಿಲ್ಲ. ಹಗ್ಗ ಕಟ್ಟಿ ಬಿಂದಿಗೆ ಇಳಿಬಿಟ್ಟರೆ ಚಳಿ ತುಂಬಿಕೊಂಡು ಮೇಲೆ ಬರುತ್ತದೆ. ಒಳಗೆ ಇಣುಕಿದರೆ ಬಿಂದಿಗೆ ಖಾಲಿಯೇ ಕಾಣುತ್ತದೆ, ಎತ್ತುವಾಗ ಮಾತ್ರ ತೋಳು ಸೋಲುತ್ತದೆ. ಹೊರಗಿನಿಂದ ಬಂದವರು, ನಮ್ಮ ಹೆಂಗಸರು ಖಾಲಿ ಬಿಂದಿಗೆಯನ್ನು ಸೊಂಟಕ್ಕಿಟ್ಟುಕೊಂಡು ಏದುಸಿರು ಬಿಡುತ್ತ ನಡೆಯುವುದನ್ನು ನೋಡಿ ನಗುತ್ತಾರೆ. ನಗಲಿ. ಹೂ ಮಾರುವವರಿಗೆ ದಿನಕ್ಕೊಂದು ಬಿಂದಿಗೆ ಬಿಟ್ಟಿ. ಜ್ವರ ಬಂದವರ ಮನೆಗೆ ಕೇಳಿದಾಗ ಅರ್ಧ ಬಿಂದಿಗೆ. ಮದುವೆ ಮನೆಯವರು ಮೊಸರು ಹುಳಿಯಾಗದಿರಲೆಂದು ಚಳಿ ಬೇಕಾದರೆ ಮುಂಚಿತವಾಗಿ ಹೇಳಿಟ್ಟಿರಬೇಕು. ಉಳಿದದ್ದೆಲ್ಲ ಜಾಡಿಮನೆಗೆ ಸೇರುತ್ತದೆ. ಜಾಡಿಮನೆ ಎಂದರೆ ನಾನೂ ನನ್ನ ಗಂಡನೂ ನೋಡಿಕೊಳ್ಳುವ ಮನೆ.

ಊರು ಬಂಡೆಯ ಮೇಲಿದೆ, ಹೊಳೆ ಕೆಳಗೆ ಕಣಿವೆಯಲ್ಲಿದೆ. ಕುಡಿಯುವ ನೀರು ಮೇಲೆ ಬರಬೇಕೆಂದರೆ ಪಂಪು ಓಡಬೇಕು, ಪಂಪು ಓಡಲು ಕರೆಂಟು ಬೇಕು, ಕರೆಂಟು ಹುಟ್ಟುವುದು ನಮ್ಮ ಜಾಡಿಗಳಲ್ಲಿ. ಆಳೆತ್ತರದ ಗಾಜಿನ ಜಾಡಿಗಳು, ಒಳಗೆ ಆಸಿಡ್ಡು, ಅದರಲ್ಲಿ ಎದುರುಬದುರು ನಿಂತ ಒಂದು ಸತುವಿನ ಹಲಗೆ, ಒಂದು ತಾಮ್ರದ ಹಲಗೆ. ಹಿಂದೆ ಜಾಡಿಯಿಂದ ಹೊಳೆಯವರೆಗೆ ತಾಮ್ರದ ತಂತಿ ಎಳೆದಿದ್ದರಂತೆ. ಆ ತಂತಿ ದಾರಿಯುದ್ದಕ್ಕೂ ಕಾಯುತ್ತಿತ್ತಂತೆ, ಬೆಳಗಿನ ಹೊತ್ತು ಗುಬ್ಬಿಗಳು ಅದರ ಮೇಲೆ ಸಾಲಾಗಿ ಕೂತು ಹೊಟ್ಟೆ ಬೆಚ್ಚಗೆ ಮಾಡಿಕೊಳ್ಳುತ್ತಿದ್ದವಂತೆ. ಜಾಡಿ ದುಡಿದದ್ದರಲ್ಲಿ ಅರ್ಧ ಪಂಪಿಗೆ, ಅರ್ಧ ಗುಬ್ಬಿಗಳಿಗೆ. ಆಮೇಲೆ ಯಾರೋ ಪುಣ್ಯಾತ್ಮರು ನಮ್ಮ ಕಲ್ಲುಕ್ವಾರಿಯಲ್ಲಿ ಸಿಗುವ ಕರಿಲೋಹವನ್ನು ಪಟ್ಟಿ ಹೊಡೆದು ಚಳಿಯಲ್ಲಿ ಮಲಗಿಸಿದರು. ಚಳಿಯಲ್ಲಿ ಮಲಗಿದ ಕರಿಪಟ್ಟಿಯೊಳಗೆ ಕರೆಂಟಿಗೆ ಅಡ್ಡಿಯೆಂಬುದೇ ಇಲ್ಲ. ಜಾಡಿ ಕೊಟ್ಟಷ್ಟೂ ಪಂಪಿಗೆ ಮುಟ್ಟುತ್ತದೆ. ಮೊದಲಿನ ಎರಡರಷ್ಟು ಕಾಲ ಸತು ಬಾಳುತ್ತದೆ.

ಒಂದೇ ತೊಡಕು. ಚಳಿ ಒಂದು ಮಟ್ಟಕ್ಕಿಂತ ಕಡಿಮೆಯಾಯಿತೋ, ಕರಿಪಟ್ಟಿ ಸ್ವಲ್ಪ ಸ್ವಲ್ಪವಾಗಿ ಮುನಿಸಿಕೊಳ್ಳುವುದಿಲ್ಲ. ನಮ್ಮ ಅತ್ತೆ ದ್ಯಾವೀರಮ್ಮನವರ ಹಾಗೆ. ಮಾತಾಡಿದರೆ ಪೂರ್ತಿ ಮಾತು, ಬಿಟ್ಟರೆ ಪೂರ್ತಿ ಮೌನ.

ಜಾಡಿಗಳ ಸ್ವಭಾವ ಇದಕ್ಕೆ ತದ್ವಿರುದ್ಧ. ಜಾಡಿಯೊಳಗೆ ನಡೆಯುವುದು, ಕಣ್ಣಿಗೆ ಕಾಣದ ಕಣಗಳು ಒಂದು ಹಲಗೆಯಿಂದ ಇನ್ನೊಂದಕ್ಕೆ ಆಸಿಡ್ಡಿನಲ್ಲಿ ಈಜಿಕೊಂಡು ಹೋಗುವ ಕೆಲಸ. ಚಳಿಯಾದರೆ ಈಜುವವರು ಸೋಮಾರಿಗಳಾಗುತ್ತಾರೆ. ಹೀಗಾಗಿ ಜಾಡಿಗೆ ಬಿಸುಪು ಬೇಕು, ಪಟ್ಟಿಗೆ ಚಳಿ ಬೇಕು, ಎರಡೂ ಒಂದೇ ಸೂರಿನಡಿ ಇರಬೇಕು. ಅದಕ್ಕೆ ನಮ್ಮವರು ನಡುವೆ ಗೋಡೆ ಎಬ್ಬಿಸಿ ಅದರ ಹೊಟ್ಟೆಯೊಳಗೆ ಭತ್ತದ ಹೊಟ್ಟು ತುಂಬಿಸಿದರು. ಈಚೆ ಬಿಸಿಮನೆ, ಆಚೆ ಚಳಿಮನೆ. ಈಚೆ ನಾನು ಮರಳಿನ ಹಾಸಿನ ಕೆಳಗೆ ಕೆಂಡ ಕೆದಕುತ್ತ, ಆಸಿಡ್ಡಿನ ಹನಿ ಬಿದ್ದು ತೂತಾದ ಸೀರೆ ಉಟ್ಟುಕೊಂಡು ಜಾಡಿಗಳನ್ನು ಬೆಚ್ಚಗಿಡುತ್ತೇನೆ. ಆಚೆ ನನ್ನ ಗಂಡ ನಿರ್ವಾಣಪ್ಪ ಕಂಬಳಿ ಹೊದ್ದು ಚಳಿ ಸುರಿಯುತ್ತಾರೆ. ಗಂಡ ಹೆಂಡಿರ ನಡುವೆ ಗೋಡೆ ಇರುವುದೇನೂ ಹೊಸದಲ್ಲ. ನಮ್ಮದು ಕಣ್ಣಿಗೆ ಕಾಣುತ್ತದೆ, ಅಷ್ಟೆ.

ಈಗ ಬಳೆಗಳ ವಿಷಯ ಹೇಳಬೇಕು. ನಮ್ಮೂರಲ್ಲಿ ಯಾರಾದರೂ ತೀರಿಕೊಂಡರೆ ಅವರ ಹೆಸರಲ್ಲಿ ಕರಿಲೋಹದ ಒಂದು ಬಳೆ ಮಾಡಿಸಿ ಚಳಿಮನೆಗೆ ತರುತ್ತಾರೆ. ಬಳೆ ತಣ್ಣಗಾದ ಮೇಲೆ ಜಾಡಿಯಿಂದ ಅದಕ್ಕೆ ಒಂದು ಗುಟುಕು ಕರೆಂಟು ಕುಡಿಸಿ ತಂತಿ ತೆಗೆದುಬಿಡುತ್ತೇವೆ. ಅಡ್ಡಿಯಿಲ್ಲದ ದಾರಿ, ಅದೂ ದುಂಡಗಿನ ದಾರಿ. ಒಳಗೆ ಹೋದ ಕರೆಂಟು ಸುತ್ತುತ್ತಲೇ ಇರುತ್ತದೆ. ಚಳಿ ಇರುವಷ್ಟು ಕಾಲ, ಯಾರೂ ಏನೂ ಕೊಡದೆ, ಸುತ್ತುತ್ತಲೇ ಇರುತ್ತದೆ. ಮನೆಯವರು ಬಾಗಿಲಲ್ಲಿ ನಿಂತು ಕೇಳಿದರೆ ನನ್ನ ಗಂಡ ಬಳೆಯ ಹತ್ತಿರ ದಿಕ್ಸೂಚಿಯ ಮುಳ್ಳು ಹಿಡಿಯುತ್ತಾರೆ. ಮುಳ್ಳು ತಿರುಗುತ್ತದೆ. "ಓಡ್ತಿದಾರೆ" ಎನ್ನುತ್ತಾರೆ ಇವರು. ಮನೆಯವರು ಕಣ್ಣೊರೆಸಿಕೊಂಡು, ತರಕಾರಿ ಚೀಲ ಎತ್ತಿಕೊಂಡು ಹೋಗುತ್ತಾರೆ.

ಬಳೆಗಳಿಂದ ಪಂಪಿಗೆ ಕಾಸಿನ ಉಪಯೋಗವಿಲ್ಲ. ನಾನು ಹೊಸದಾಗಿ ಬಂದಾಗ ಇದನ್ನು ಬಾಯಿಬಿಟ್ಟು ಹೇಳಿ ಅತ್ತೆಯ ಕೆಂಗಣ್ಣಿಗೆ ಗುರಿಯಾಗಿದ್ದೆ. ಆಗ ಚಳಿಮನೆ ಅತ್ತೆಯದಾಗಿತ್ತು. ಅವರು ಹೋದಮೇಲೆ ಅವರ ಬಳೆಯೂ ಒಳಗೆ ಸೇರಿತು, ಬಾಗಿಲ ಎದುರಿನ ಮೊದಲ ಗೂಡಿನಲ್ಲಿ, ಬದುಕಿದ್ದಾಗ ಕೂರುತ್ತಿದ್ದ ಹಾಗೆಯೇ ಬಂದವರ ಮೇಲೆಲ್ಲ ಕಣ್ಣಿಟ್ಟುಕೊಂಡು. ಇವರು ದಿನಾ ಬೆಳಿಗ್ಗೆ ಮೊದಲ ಬಿಂದಿಗೆ ಸುರಿಯುವುದು ಅಲ್ಲಿಗೆ. ಸುರಿಯುತ್ತ ಊರಿನ ಸುದ್ದಿಯನ್ನೆಲ್ಲ ಒಪ್ಪಿಸುತ್ತಾರೆ. ಗೋಡೆಯ ಈಚೆ ನನಗೆ ಎಲ್ಲ ಕೇಳುತ್ತದೆ. ನನ್ನ ಮೇಲಿನ ದೂರುಗಳೂ ಕೇಳುತ್ತವೆ.

ಚಳಿ ಎಷ್ಟಾದರೆ ಸಾಕು ಎಂಬುದನ್ನು ಮುಳ್ಳು ಹೇಳುವುದಿಲ್ಲ. ಮುಳ್ಳಿಗೆ ಗೊತ್ತಿರುವುದು ಓಡುತ್ತಿದೆ, ನಿಂತಿದೆ, ಇವೆರಡೇ. ನಿಂತಿದೆ ಎಂದು ಅದು ಹೇಳುವಾಗ ಹೋದದ್ದು ಹೋಗಿರುತ್ತದೆ. ನಿಂತ ಬಳೆಗೆ ಮತ್ತೆ ಕುಡಿಸುವ ಪದ್ಧತಿಯಿಲ್ಲ. ಎರಡನೆಯ ಸಲ ಕುಡಿಸಿದ್ದು ಬರೀ ಕರೆಂಟು, ಅದು ಮನುಷ್ಯರಲ್ಲ ಎನ್ನುತ್ತಾರೆ. ಆದ್ದರಿಂದ ಚಳಿ ಅಳೆಯುವುದು ಅಂಗೈಯಿಂದ. ಪಟ್ಟಿಯ ಮೇಲೆ ಅಂಗೈ ಊರಿ, ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಇಡಲಾಗದೆ ಕಿತ್ತುಕೊಂಡರೆ ಸಾಕು. ಇಡಲು ಆದರೆ ಇನ್ನೊಂದು ಬಿಂದಿಗೆ. ಅತ್ತೆ ಮಗನಿಗೆ ಕಲಿಸಿದ್ದು ಇದನ್ನೇ. ಇವರ ಅಂಗೈ ಎಂದರೆ ಊರಿಗೆ ಊರೇ ನಂಬುವ ಅಂಗೈ. ಒಂದು ಬಳೆಯೂ ಇವರ ಕೈಯಲ್ಲಿ ನಿಂತಿದ್ದಿಲ್ಲ.

ಈಚಿನ ವರ್ಷಗಳಲ್ಲಿ ಬಾವಿ ಇಳಿಯತೊಡಗಿತು. ಚಳಿ ಸಿಗಬೇಕಾದರೆ ಹಗ್ಗಕ್ಕೆ ಹಗ್ಗ ಗಂಟು ಹಾಕಬೇಕಾಯಿತು. ಇವರು ದಿನಕ್ಕೆ ನಲವತ್ತು ಬಿಂದಿಗೆ ಸುರಿಯುತ್ತಿದ್ದವರು ಅರವತ್ತು ಸುರಿದರು, ಎಂಬತ್ತು ಸುರಿದರು. "ಚಳೀಲೇ ಸತ್ವ ಇಲ್ಲ ಕಣೇ ಹೊಂಬಾಳಿ. ಎಷ್ಟ್ ಸುರುದ್ರೂ ಅಂಗೈಗೆ ಹತ್ತಲ್ಲ" ಎನ್ನುತ್ತಿದ್ದರು. ಕೊನೆಗೆ ಈ ಬೇಸಿಗೆಯಲ್ಲಿ ಬಿಂದಿಗೆ ತಳಕ್ಕೆ ಬಡಿದು ಟಣ್ ಎಂದಿತು. ಹೂವಿನವರಿಗೆ ಕೊಡುವುದು ನಿಂತಿತು. ಜ್ವರದವರು ಒದ್ದೆ ಬಟ್ಟೆಗೆ ಇಳಿದರು.

ಊರಿನ ಯಜಮಾನರಾದ ಗುರುಪಾದಪ್ಪ ಎಲ್ಲರನ್ನೂ ಬಾವಿಕಟ್ಟೆಗೆ ಕರೆಸಿದರು. ಮನುಷ್ಯ ಒಳ್ಳೆಯವರು, ಮಾತು ತೂಗಿ ಆಡುವವರು. "ಇರೋ ಚಳಿ ಪಟ್ಟಿಗೂ ಬಳೆಗೂ ಎರಡಕ್ಕೂ ಸಾಲಲ್ಲ. ಪಟ್ಟಿ ಬಿಟ್ರೆ ನೀರಿಲ್ಲ. ಹಳೇ ತಂತಿ ಎಳೆದ್ರೆ ಸತು ತಂದು ಪೂರೈಸಕ್ಕಾಗಲ್ಲ. ನಮ್ಮೋರು ಇಷ್ಟ್ ದಿನ ನಮ್ ಜೊತೆಗಿದ್ರು. ಇನ್ನು ಕಳಿಸ್ಕೊಡಣ" ಎಂದರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಸೋಮವಾರ ಮಧ್ಯಾಹ್ನ ಪ್ರತಿ ಮನೆಯವರೂ ಬಂದು ತಮ್ಮ ಬಳೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಬಳೆ ನಿಲ್ಲುವಾಗ, ಅಷ್ಟು ವರ್ಷ ಸುತ್ತಿದ್ದೆಲ್ಲ ಒಂದು ಗಳಿಗೆಯ ಬಿಸಿಯಾಗಿ ಅಂಗೈಗೆ ಬರುತ್ತದಂತೆ. ಹೋಗುವವರು ಕೈ ಹಿಡಿದು ಬಿಟ್ಟ ಹಾಗಂತೆ. ಹಿಂದೊಮ್ಮೆ, ಅತ್ತೆಯ ಕಾಲದಲ್ಲಿ, ಕೈಜಾರಿ ಬಿಸಿಲಿಗೆ ಬಿದ್ದ ಬಳೆಯನ್ನು ಎತ್ತಿಕೊಂಡಾಗ ಅದು ತನ್ನ ಅಂಗೈಯಲ್ಲೇ ನಿಂತಿದ್ದನ್ನು ಕಂಡ ಈರಾಜಮ್ಮಜ್ಜಿ ಇದನ್ನು ಎಲ್ಲರಿಗೂ ಹೇಳಿದ್ದಳು. ಜನ ಆ ಒಂದು ಬಿಸಿಯ ಆಸೆಯಲ್ಲೇ ಒಪ್ಪಿಕೊಂಡಿದ್ದರು.

ಇವರು ಅವತ್ತು ಊಟ ಮಾಡಲಿಲ್ಲ. "ಎಲ್ರಿಗಿಂತ ಮೊದ್ಲು ನಮ್ಮನೇದು ತೆಗೀಬೇಕು. ನಾನೇ ತೆಗೀದೆ ಊರೋರ್ನ ಹೆಂಗೆ ತೆಗೀರಿ ಅನ್ಲಿ?" ಎಂದರು. ಅತ್ತೆಗೂ ನನಗೂ ಎಣ್ಣೆ ಸೀಗೇಕಾಯಿ ನಂಟು, ಅದು ಬೇರೆ ಮಾತು. ಇವರಿಗೆ ಇದ್ದ ಒಬ್ಬ ತಾಯಿಯನ್ನು ಇವರ ಕೈಯಿಂದಲೇ ನಿಲ್ಲಿಸುವುದೆಂದರೆ ಏನು?

ಸೋಮವಾರ ಬೆಳಿಗ್ಗೆ ಗೋಡೆಯಾಚೆ ಬಿಂದಿಗೆಯ ಸದ್ದು ಬರಲಿಲ್ಲ. ಸುದ್ದಿ ಒಪ್ಪಿಸುವ ದನಿಯೂ ಬರಲಿಲ್ಲ. ಹೊರಗೆ ಬಂದು ನೋಡಿದರೆ ಇವರು ಜಗಲಿಯ ಮೇಲೆ ಬಿಸಿಲಿಗೆ ಮುಖ ಕೊಟ್ಟು ಕೂತಿದ್ದರು. ಅತ್ತೆಯ ಬಳೆ ಪಕ್ಕದಲ್ಲಿ ಬಿದ್ದಿತ್ತು. ಬರೀ ಕಪ್ಪು ಲೋಹ. ಎಡಗೈ ಮುಷ್ಟಿ ಬಿಗಿದುಕೊಂಡಿದ್ದರು, ಮುಖದಲ್ಲಿ ರಕ್ತವಿರಲಿಲ್ಲ.

"ತೆಗುದ್ರಾ?" ಎಂದೆ.

ತಲೆಯಾಡಿಸಿದರು.

ಆದರೆ ಪಂಪು ಓಡುತ್ತಿತ್ತು, ಊರವರ ಬಳೆಗಳು ಮಧ್ಯಾಹ್ನದವರೆಗಾದರೂ ಓಡಬೇಕಿತ್ತು. ಚಳಿ ಸುರಿಯದಿದ್ದರೆ ಜನ ಬರುವಷ್ಟರಲ್ಲಿ ಎಲ್ಲ ತಾವಾಗಿಯೇ ನಿಂತು, ಆ ಬಿಸಿ ಯಾರ ಅಂಗೈಗೂ ಸಿಗದೆ ಗಾಳಿಗೆ ಹೋಗುತ್ತಿತ್ತು. "ಏಳಿ" ಎಂದೆ. ಏಳಲಿಲ್ಲ. ಬಿಸಿಮನೆಯವರು ಚಳಿಮನೆಗೆ ಕಾಲಿಡಬಾರದು, ಮೈಯ ಕಾವು ಒಳಗೆ ಹೋಗುತ್ತದೆ ಎಂಬುದು ಅತ್ತೆಯ ಕಟ್ಟಪ್ಪಣೆ. ಅತ್ತೆ ಜಗಲಿಯ ಮೇಲೆ ಬಿದ್ದಿದ್ದರು. ನಾನು ಬಾವಿಕಟ್ಟೆಗೆ ಹೋಗಿ, ಹಲ್ಲು ಕಟಕಟಿಸುವವರೆಗೆ ಬಾವಿಯ ಬಾಯಿಗೆ ಬಗ್ಗಿ ನಿಂತು ಮೈ ತಣಿಸಿಕೊಂಡು, ಇವರ ಕಂಬಳಿ ಹೊದ್ದು ಒಳಗೆ ಹೋದೆ.

ಅಷ್ಟು ವರ್ಷ ಗೋಡೆಯಾಚೆಯಿಂದ ಕೇಳಿದ ಕೆಲಸವನ್ನು ಮೊದಲ ಸಲ ಕಣ್ಣಿಂದ ನೋಡಿದೆ. ಗೂಡು ಗೂಡಿನಲ್ಲೂ ಒಂದೊಂದು ಬಳೆ, ಕಲ್ಲಿನ ಕಾಲುವೆಯಲ್ಲಿ ಹೊಳೆಯತ್ತ ಇಳಿದು ಹೋಗುವ ಕರಿಪಟ್ಟಿ. ಬಾವಿಯ ತಳ ಕೆರೆದು ಬಿಂದಿಗೆ ಎತ್ತಿ ತಂದು ಸುರಿದೆ. ಎತ್ತುವುದು, ಸುರಿಯುವುದು. ಭುಜ ಬಿದ್ದುಹೋಗುವಂತಾಯಿತು. ನಡುವೆ ಒಮ್ಮೆ ನೋಡೋಣವೆಂದು ಪಟ್ಟಿಯ ಮೇಲೆ ಅಂಗೈ ಊರಿದೆ.

ಕಿರುಚಿಕೊಂಡೆ. ಕೈ ಕಿತ್ತುಕೊಂಡಾಗ ಬೆರಳ ತುದಿಯ ಚರ್ಮ ಪಟ್ಟಿಗೆ ಅಂಟಿತ್ತು.

ನಂಬಿಕೆಯಾಗಲಿಲ್ಲ. ನಾನು ಸುರಿದಿದ್ದು ನಲವತ್ತೂ ಆಗಿರಲಿಲ್ಲ. ಇವರು ದಿನಾ ಅದರ ಎರಡರಷ್ಟು ಸುರಿದು, ಇನ್ನೂ ಹತ್ತಲಿಲ್ಲವೆಂದು ಗೊಣಗುತ್ತಿದ್ದರು. ಇನ್ನೊಂದು ಕೈಯನ್ನು ದೂರದ ಗೂಡಿನ ಕಲ್ಲಿಗೆ ಇಟ್ಟೆ. ಅಲ್ಲೂ ಉಸಿರು ಪೂರ್ತಿ ಎಳೆಯಲಾಗಲಿಲ್ಲ. ಮುಳ್ಳು ಹಿಡಿದೆ. ಪ್ರತಿ ಬಳೆಗೂ ಗಿರ್ರನೆ ತಿರುಗಿತು. ಚಳಿಯ ಸತ್ವ ಎಲ್ಲೂ ಹೋಗಿರಲಿಲ್ಲ. ಅತ್ತೆಯ ಕಾಲದಲ್ಲಿ ಎಷ್ಟಿತ್ತೋ ಈಗಲೂ ಅಷ್ಟೇ ಇತ್ತು. ದಿನಕ್ಕೆ ನಲವತ್ತೇ ಎತ್ತಿದರೆ ಬಾವಿ ತಾನಾಗಿ ತುಂಬಿಕೊಳ್ಳುತ್ತದೆ, ಮೊದಲು ತುಂಬಿಕೊಳ್ಳುತ್ತಿದ್ದ ಹಾಗೆ. ಯಾರೂ ಬಳೆ ತೆಗೆಯಬೇಕಾಗಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತು ಹುಚ್ಚಿಯ ಹಾಗೆ ನಕ್ಕೆ.

ನಗು ಅರ್ಧಕ್ಕೇ ನಿಂತಿತು. ಚಳಿ ಸರಿಯಿದ್ದರೆ, ಸರಿಯಿಲ್ಲದ್ದು ಯಾವುದು?

ಒಲೆಯ ಮೇಲಿನ ಪಾತ್ರೆಯನ್ನು ಇವರು ಬಟ್ಟೆಯಿಲ್ಲದೆ ಇಳಿಸುತ್ತಿದ್ದುದು ನೆನಪಾಯಿತು. ನಮ್ಮವರ ಕೈ ಕಬ್ಬಿಣ ಎಂದು ನೆಂಟರ ಮುಂದೆ ಜಂಬ ಕೊಚ್ಚಿದವಳು ನಾನೇ. ಚಳಿ ಇವರ ಅಂಗೈಯನ್ನು ದಿನಕ್ಕಿಷ್ಟು ದಿನಕ್ಕಿಷ್ಟು ತಿಂದುಹಾಕಿತ್ತು. ಚುರುಕು ಕಡಿಮೆಯಾದಂತೆಲ್ಲ ಇವರು ಚಳಿಯ ಮೇಲೆ ತಪ್ಪು ಹೊರಿಸಿ ಇನ್ನೊಂದು ಬಿಂದಿಗೆ ಸುರಿದರು. ಅದು ಕೈಯನ್ನು ಇನ್ನಷ್ಟು ತಿಂದಿತು. ಬಾವಿ ಬರಿದಾದದ್ದು ಹೀಗೆ. ಮೋಸವಲ್ಲ, ಸೋಮಾರಿತನವಲ್ಲ. ಇವರಿಗೂ ಗೊತ್ತಿಲ್ಲ. ಇದನ್ನು ಇವರಿಗೆ ಹೇಳಬೇಕಾದವಳು ನಾನು, ಅದೂ ಇವತ್ತೇ, ಮಧ್ಯಾಹ್ನದೊಳಗೆ.

ಹೊರಗೆ ಬಂದೆ. ಇವರು ಕೂತಲ್ಲೇ ಇದ್ದರು. ನಾನು ಬಾಯಿ ತೆರೆಯುವ ಮೊದಲೇ ಇವರೇ ಮಾತಾಡಿದರು.

"ಅಮ್ಮ ಏನೂ ಕೊಡ್ಲಿಲ್ಲ ಕಣೇ."

"ಏನಂದ್ರಿ?"

"ಬಿಸಿ ಬರುತ್ತೆ ಅಂದಿದ್ರಲ್ಲ. ಎಡಗೈಲಿ ಹಿಡ್ಕೊಂಡೇ ಕೂತಿದ್ದೆ. ಮುಳ್ಳು ನೋಡ್ದೆ, ನಿಂತೋಗಿತ್ತು. ಯಾವಾಗ ನಿಂತ್ಲು ಅಂತಾನೂ ಗೊತ್ತಾಗ್ಲಿಲ್ಲ. ಹಂಗೇ ಹೊರಟೋದ್ಲು, ಒಂದು ಮಾತೂ ಆಡ್ದೆ." ಇವರು ಬಳೆಯ ಕಡೆ ತಿರುಗಿದರು. "ನಾನೇನು ತಪ್ಪು ಮಾಡಿದ್ನೋ."

ನಾನು ಪಕ್ಕದಲ್ಲಿ ಕೂತೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ಅದೊಂದು ವಿಷಯದಲ್ಲಿ ನಾನೂ ಅತ್ತೆಯೂ ಒಂದೇ. "ನಿಮ್ಮಮ್ಮ ಕೊಟ್ಟಿರ್ತಾರೆ. ನಿಮ್ ಕೈಗೆ ಗೊತ್ತಾಗಿಲ್ಲ" ಎಂದೆ.

"ನನ್ ಕೈಗೇನಾಗಿದೆ?"

ಇವರನ್ನು ಎಬ್ಬಿಸಿ ಬಿಸಿಮನೆಗೆ ಕರೆದುಕೊಂಡು ಹೋದೆ. ಕಣ್ಣು ಮುಚ್ಚಿಕೊಳ್ಳಿ ಎಂದೆ. ಒಂದು ಬೋಗುಣಿಯಲ್ಲಿ ಹೂಜಿಯ ನೀರು, ಇನ್ನೊಂದರಲ್ಲಿ ಕುದಿಯಿಳಿದ ನೀರು. ಬಲಗೈಯ ಅಂಗೈಯನ್ನು ಒಮ್ಮೆ ಅದಕ್ಕೆ, ಒಮ್ಮೆ ಇದಕ್ಕೆ ಮುಟ್ಟಿಸಿ ಯಾವುದು ಬಿಸಿ ಎಂದು ಕೇಳಿದೆ. ಇವರು ತಡಮಾಡಿದರು. ಮಕ್ಕಳು ಲೆಕ್ಕ ಬರದೆ ಮೇಷ್ಟರ ಮುಖ ನೋಡುವ ಹಾಗೆ ಮುಚ್ಚಿದ ಕಣ್ಣಲ್ಲೇ ನನ್ನ ಕಡೆ ತಿರುಗಿ, "ಮೊದಲ್ನೇದು ಬಿಸಿ, ಅಲ್ವಾ?" ಎಂದರು. ಮೊದಲಿನದು ಹೂಜಿಯ ನೀರಾಗಿತ್ತು. ಕಣ್ಣು ಬಿಟ್ಟು ಹಬೆಯಾಡುವ ಬೋಗುಣಿಯನ್ನು ನೋಡಿದರು. ಆಮೇಲೆ ಅಂಗೈ ನೋಡಿಕೊಂಡರು. ನಾನು ಒಳಗೆ ಕಂಡದ್ದನ್ನೆಲ್ಲ ಹೇಳಿದೆ, ಎಷ್ಟು ಸುರಿದೆ ಎಂಬುದನ್ನೂ ಹೇಳಿ, ಚರ್ಮ ಕಿತ್ತ ನನ್ನ ಬೆರಳು ತೋರಿಸಿದೆ.

ಬೈಯುತ್ತಾರೆ, ಇಲ್ಲವೇ ಸುಳ್ಳೆನ್ನುತ್ತಾರೆ ಎಂದುಕೊಂಡಿದ್ದೆ. ಇವರು ಮೊದಲು ಕೇಳಿದ್ದು, "ಹಂಗಾದ್ರೆ ಮಿಕ್ಕ ಬಳೆ ಯಾವ್ದೂ ತೆಗೆಯೋ ಹಂಗಿಲ್ವಾ?" ಎಂದು.

"ಇಲ್ಲ."

"ಅಮ್ಮನ್ದೂ ತೆಗೆಯೋ ಹಂಗಿರ್ಲಿಲ್ಲ."

ಇವರು ಬೋಗುಣಿಯ ಅಂಚು ಹಿಡಿದುಕೊಂಡು ನಿಂತರು.

ಅಷ್ಟರಲ್ಲಿ ಗೇಟಿನ ಹತ್ತಿರ ಜನ ಸೇರಿದ್ದರು. ಬಳೆ ಹಿಡಿದು ಒಯ್ಯಲೆಂದು ಎಲ್ಲರೂ ತಲೆಗೆ ನೀರು ಹಾಕಿಕೊಂಡು, ಬರಿಗೈಯನ್ನು ಅರಿಶಿನದಲ್ಲಿ ತೊಳೆದುಕೊಂಡು ಬಂದಿದ್ದರು. "ನಾನು ಹೇಳ್ಳಾ?" ಎಂದೆ. "ಬೇಡ. ಕೈ ನಂದು" ಎಂದು ಇವರೇ ಹೋದರು.

"ಎಲ್ರೂ ವಾಪಸ್ ಹೋಗಿ. ಬಾವಿಗೇನೂ ಆಗಿಲ್ಲ. ಆಗಿರೋದು ನನ್ ಕೈಗೆ. ಚಳಿ ಇದ್ರೂ ನಂಗೆ ಗೊತ್ತಾಗ್ತಿಲ್ಲ. ಗೊತ್ತಾಗ್ದೆ ಸುರುದ್ಬಿಟ್ಟೆ" ಎಂದರು.

ಗುರುಪಾದಪ್ಪನವರು ಮುಂದೆ ಬಂದರು. "ಅಂದ್ರೆ, ಇಷ್ಟ್ ವರ್ಷ ಸುಮ್ಸುಮ್ನೆ ಸುರುದ್ಯೇನಪ್ಪ ನಿರ್ವಾಣಿ?"

"ಸುರುದೆ ಯಜಮಾನ್ರೇ. ಇನ್ಮೇಲೆ ಈ ಕೈ ಬೇಡ. ಬೇರೆ ಯಾರ್ದಾದ್ರೂ ಇಡ್ಸಿ. ವರ್ಷವರ್ಷ ಬದಲಾಯ್ಸಿ. ಇಲ್ದಿದ್ರೆ ಅವರ್ದೂ ಹಿಂಗೇ ಆಗುತ್ತೆ."

ಗುಂಪಿನಲ್ಲಿ ಯಾರೋ ಸಿಟ್ಟಿನಿಂದ ಏನೋ ಶುರುಮಾಡಿದರು. ಈರಾಜಮ್ಮಜ್ಜಿ ಅವರ ಬಾಯಿ ಮುಚ್ಚಿಸಿ, "ನಮ್ಮೋರು ಓಡ್ತಾವ್ರಾ?" ಎಂದು ಕೇಳಿದಳು. ನಾನು ಒಳಗಿನಿಂದ ಮುಳ್ಳು ತೋರಿಸಿದೆ. ಅಜ್ಜಿ ಅಲ್ಲೇ ನೆಲಕ್ಕೆ ಕೂತು ಗೊಳೋ ಎಂದು ಅತ್ತಳು, ಅಳುತ್ತಲೇ ನಕ್ಕಳು. ಒಬ್ಬೊಬ್ಬರೇ ಬಾಗಿಲಿಗೆ ಬಂದು ತಮ್ಮವರ ಗೂಡಿಗೆ ಕೈಮುಗಿದು ಹೊರಟರು. ಹೋಗುವಾಗ ಅಜ್ಜಿ ಇವರತ್ತ ತಿರುಗಿ, "ನಿಮ್ಮಮ್ಮಂದು ಮಗಾ?" ಎಂದಳು.

"ಬೆಳಿಗ್ಗೆ ತೆಗ್ದೆ ಅಜ್ಜಿ."

ಸಿಟ್ಟು ಮಾಡಿದ್ದವನೂ ತಲೆ ತಗ್ಗಿಸಿದ. ಅಷ್ಟು ಜನರಲ್ಲಿ ಕಳೆದುಕೊಂಡವರು ಇವರೊಬ್ಬರೇ.

ಜನ ಚದುರಿದ ಮೇಲೆ ಇಬ್ಬರೂ ಮತ್ತೆ ಜಗಲಿಯ ಮೇಲೆ ಕೂತೆವು. ಒಳಗೆ ಜಾಡಿಗಳು ಅವುಗಳ ಪಾಡಿಗೆ ಸಣ್ಣಗೆ ಗುಳುಗುಳು ಎನ್ನುತ್ತಿದ್ದವು. ಇವರು ಬಳೆಯನ್ನು ಬಲಗೈಗೆ ಎತ್ತಿಕೊಂಡು, ನನ್ನ ಕಡೆ ನೋಡದೆ ಕೇಳಿದರು. "ಕೊಟ್ಟಿರ್ತಾಳೆ ಅಂತೀಯಾ? ನಿಜವಾಗ್ಲೂ?"

ಇವರ ಎಡಗೈ ಎಳೆದುಕೊಂಡು ನನ್ನ ತೊಡೆಯ ಮೇಲೆ ಅಗಲಿಸಿದೆ. ಬಿಗಿದಿಟ್ಟಿದ್ದ ಮುಷ್ಟಿಯೊಳಗೆ ಅಷ್ಟು ಹೊತ್ತೂ ಅಡಗಿದ್ದ ಒಂದು ಗುರುತು ಅಲ್ಲಿತ್ತು. ದುಂಡಗೆ, ಕೆಂಪಗೆ, ಬಳೆಯಷ್ಟೇ ಅಗಲಕ್ಕೆ, ಅಂಚಿನಲ್ಲಿ ಆಗಲೇ ಬೊಬ್ಬೆಯ ನೀರು ಕಟ್ಟುತ್ತಿತ್ತು. ಅದರ ನೋವು ಇವರಿಗೆ ತಿಳಿದಿರಲಿಲ್ಲ. ನಾನು ಅದನ್ನು ಬಹಳ ಹೊತ್ತು ನೋಡಿದೆ. ಚಳಿ ಸುಟ್ಟರೂ ಚರ್ಮ ಹಾಗೆಯೇ ಏಳುತ್ತದೆ, ಬಿಸಿ ಸುಟ್ಟರೂ ಹಾಗೆಯೇ. ಈ ಮನೆಯಲ್ಲಿ ಬಾಳಿದ ನನಗೆ ಎರಡೂ ಗೊತ್ತು, ಎರಡನ್ನೂ ಬೇರೆ ಮಾಡಿ ಹೇಳಲು ಮಾತ್ರ ಯಾರಿಂದಲೂ ಆಗದು.

"ಬಿಸೀದೇ" ಎಂದೆ.

"ಬೊಬ್ಬೆ ಏಳೋ ಅಷ್ಟು ಬಿಸಿನಾ?"

"ನಿಮ್ಮಮ್ಮ ಯಾವತ್ತು ಏನನ್ನ ಹಿಡಿತವಾಗಿ ಕೊಟ್ಟಿದ್ರು?"

ಇವರು ನಗುತ್ತಾರೋ ಅಳುತ್ತಾರೋ ಎಂದು ನೋಡುತ್ತಿದ್ದೆ. ಎರಡೂ ಒಟ್ಟಿಗೆ ಬಂದವು. ಅತ್ತೆಯ ಪರ ವಹಿಸಿ ನಾನು ಆಡಿದ ಮೊದಲ ಮಾತು ಅದು, ಮತ್ತು ಇವರು ನನ್ನ ಮಾತನ್ನು ಪೂರ್ತಿಯಾಗಿ ನಂಬಿದರು.